ಮಂಗಳೂರಿನಿಂದ ಐಸ್ ಹಾಕಿ ರೆಫ್ರಿ ಆಗುವುದು ಹೇಗೆ: ಗಾಲಿಯಿಂದ ಬ್ಲೇಡಿನವರೆಗೆ ಸಮಗ್ರ ಮಾರ್ಗದರ್ಶಿ

ಕರಾವಳಿಯಲ್ಲಿ ಐಸ್ ಅಂದರೆ ಎರಡೇ. ಒಂದು, ಮಲ್ಪೆ ಬಂದರಿನಲ್ಲೋ ಮಂಗಳೂರಿನ ಧಕ್ಕೆಯಲ್ಲೋ ಮೀನಿನ ಮೇಲೆ ಸುರಿಯುವುದು. ಇನ್ನೊಂದು, ಗಡ್‌ಬಡ್ ಗ್ಲಾಸಿನ ಒಳಗಿರುವುದು. ಇಂಥ ಊರಲ್ಲಿ ಪಿಯುಸಿ ಹುಡುಗನೋ ಹುಡುಗಿಯೋ "ನಾನು ಐಸ್ ಹಾಕಿ ರೆಫ್ರಿ ಆಗಬೇಕು" ಅಂದರೆ ಮನೆಯವರು ನಗುವುದು ಸಹಜ. ಆದರೆ ಯೋಚಿಸಿ ನೋಡಿ. ಇಲ್ಲಿ ಗಾಲಿ ಸ್ಕೇಟಿಂಗ್ ಕಲಿಯುವ ಮಕ್ಕಳು ಜಾಸ್ತಿ. ಬಹಳ ಮನೆಗಳಲ್ಲಿ ಚಿಕ್ಕಪ್ಪನೋ ಭಾವನೋ ಗಲ್ಫ್‌ನಲ್ಲಿರುತ್ತಾರೆ. ಈಗೀಗ ಕೆನಡಾಕ್ಕೆ ಓದಲು ಹೋಗುವವರೂ ಕಡಿಮೆಯೇನಿಲ್ಲ. ಈ ಮೂರನ್ನೂ ಜೋಡಿಸಿದರೆ ಒಂದು ದಾರಿ ಕಾಣುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದ ದೊಡ್ಡ ಪಾಲನ್ನು ಐಸ್ ಮುಟ್ಟದೆಯೇ ಕಲಿಯಬಹುದು. ಗಾಲಿಯ ಮೇಲೆ ನಿಯಂತ್ರಣ, ನಿಯಮಗಳ ಓದು, ಜನರ ಎದುರು ವಿಸಿಲ್ ಊದುವ ಧೈರ್ಯ, ಇವೆಲ್ಲ ಇಲ್ಲೇ ಆಗುವಂಥವು. ಐಸ್ ದುಬಾರಿ. ಅಲ್ಲಿಗೆ ಹೋಗುವ ಮೊದಲು ಇಲ್ಲಿನದು ಮುಗಿದಿರಬೇಕು. ಇನ್ನೊಂದು ಮಾತು: ಡಿಗ್ರಿ ಬಿಡಬೇಡಿ. ರೆಫ್ರಿ ಕೆಲಸವೊಂದರಲ್ಲೇ ಸಂಸಾರ ನಡೆಸುವವರು ಜಗತ್ತಿನಲ್ಲೇ ಬಹಳ ಕಡಿಮೆ. ಉಳಿದವರಿಗೆಲ್ಲ ಹಗಲು ಬೇರೆ ನೌಕರಿ, ಸಂಜೆ ಮತ್ತು ಶನಿವಾರ-ಭಾನುವಾರ ರಿಂಕ್, ಅಂದರೆ ಆಟದ ಅಂಗಣ.

ಮೊದಲು ಕೆಲಸ ಏನು ಅಂತ ತಿಳಿಯಿರಿ

ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಶನ್, ಅಂದರೆ ಐಐಎಚ್‌ಎಫ್, ನಿಯಮದಂತೆ ರಿಂಕ್ 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ ಇರುತ್ತದೆ. ಸುತ್ತಲೂ ಹಲಗೆಯ ಗೋಡೆ, ಅದರ ಮೇಲೆ ಗಾಜು. ಒಂದೊಂದು ತಂಡದಿಂದ ಐದು ಆಟಗಾರರು, ಒಬ್ಬ ಗೋಲ್‌ಕೀಪರ್. 20 ನಿಮಿಷದ ಮೂರು ಪಿರಿಯಡ್. ಚೆಂಡಿನ ಬದಲು ಪಕ್. ಗಟ್ಟಿ ರಬ್ಬರಿನ ಬಿಲ್ಲೆ ಅದು, ತೂಕ 156ರಿಂದ 170 ಗ್ರಾಂ. ಅದು ಪುಟಿಯಬಾರದು ಅಂತ ಆಟಕ್ಕೆ ಮೊದಲು ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ದೊಡ್ಡ ಆಟಗಾರ ಹೊಡೆದರೆ ಗಂಟೆಗೆ 160 ಕಿ.ಮೀ. ದಾಟುತ್ತದೆ. ಅದು ನಿಮ್ಮ ಕಾಲಿಗೂ ಬಡಿಯಬಹುದು ಅನ್ನುವುದನ್ನು ಈಗಲೇ ಮನಸ್ಸಿನಲ್ಲಿಡಿ.

ದೊಡ್ಡ ಲೀಗ್‌ಗಳಲ್ಲಿ ಐಸ್ ಮೇಲೆ ನಾಲ್ವರು ಇರುತ್ತಾರೆ: ಇಬ್ಬರು ರೆಫ್ರಿ, ಇಬ್ಬರು ಲೈನ್ಸ್‌ಮನ್. ತೋಳಿಗೆ ಕೇಸರಿ ಅಥವಾ ಕೆಂಪು ಪಟ್ಟಿ ಇದ್ದವರು ರೆಫ್ರಿ. ಫೌಲ್‌ಗೆ ಶಿಕ್ಷೆ ಕೊಡುವುದು, ಗೋಲ್ ಹೌದೋ ಅಲ್ಲವೋ ಅಂತ ಹೇಳುವುದು ಅವರ ಕೆಲಸ. ಆಫ್‌ಸೈಡ್, ಐಸಿಂಗ್ ನೋಡುವುದು, ಹೆಚ್ಚಿನ ಫೇಸ್‌ಆಫ್‌ಗಳಿಗೆ (ಆಟ ಶುರುವಾಗುವಾಗ ಇಬ್ಬರು ಎದುರಾಳಿಗಳ ನಡುವೆ) ಪಕ್ ಬಿಡುವುದು, ಜಗಳ ಬಿಡಿಸುವುದು ಲೈನ್ಸ್‌ಮನ್‌ಗಳ ಪಾಲು. ಅಮೆರಿಕ-ಕೆನಡಾದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಕೂಡ ಮೊದಲು ಒಬ್ಬನೇ ರೆಫ್ರಿಯನ್ನು ಇಟ್ಟುಕೊಂಡಿತ್ತು. 2000-01ರ ಸೀಸನ್‌ನಿಂದ ಎಲ್ಲ ಪಂದ್ಯಕ್ಕೂ ಇಬ್ಬರಾದರು. ಸಣ್ಣ ಮಕ್ಕಳ ಆಟಗಳಲ್ಲಿ ಒಟ್ಟು ಇಬ್ಬರೇ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ನೀವು ಶುರು ಮಾಡುವುದು ಅಲ್ಲಿಂದಲೇ.

ಆಫ್‌ಸೈಡ್ ಸರಳ. ಪಕ್ ಎದುರಾಳಿಯ ನೀಲಿ ಗೆರೆ (ಅವರ ವಲಯದ ಗಡಿ) ದಾಟುವ ಮೊದಲು ದಾಳಿ ಮಾಡುವವನ ಎರಡೂ ಸ್ಕೇಟ್ ಪೂರ್ತಿ ಆಚೆ ಹೋಗಿರಬಾರದು. ಒಂದು ಕಾಲು ಈಚೆ ಇದ್ದರೆ ಸರಿ. ಐಸಿಂಗ್ ಅಂದರೆ ಸುಮ್ನೆ ಸಮಯ ಕಳೆಯಲು ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲ್ ಗೆರೆಯ ಆಚೆಗೆ ಅಟ್ಟುವುದು. ಶಿಕ್ಷೆಯಿಂದಾಗಿ ಆಟಗಾರರು ಕಡಿಮೆ ಇರುವ ತಂಡಕ್ಕೆ ಮಾತ್ರ ಇದು ಮಾಫಿ.

ಶಿಕ್ಷೆ, ಅಂದರೆ ಪೆನಾಲ್ಟಿ, ಮುಖ್ಯವಾಗಿ 2 ನಿಮಿಷ, 5 ನಿಮಿಷ, 10 ನಿಮಿಷ. ತಪ್ಪು ಮಾಡಿದವನು ಅಷ್ಟು ಹೊತ್ತು ಹೊರಗೆ ಕೂರಬೇಕು. ಎರಡು ನಿಮಿಷದ್ದಾದರೆ, ತಂಡ ಒಬ್ಬ ಕಡಿಮೆ ಇರುವಾಗ ಎದುರಾಳಿ ಗೋಲ್ ಹೊಡೆದರೆ ಅದು ಅಲ್ಲಿಗೆ ಮುಗಿಯುತ್ತದೆ. ಐದು ನಿಮಿಷದ್ದು ಹಾಗೆ ಮುಗಿಯುವುದಿಲ್ಲ. ಹತ್ತು ನಿಮಿಷದ್ದರಲ್ಲಿ ಆಟಗಾರ ಮಾತ್ರ ಹೊರಗೆ, ಅವನ ಜಾಗಕ್ಕೆ ಇನ್ನೊಬ್ಬ ಬರಬಹುದು.

ಹೊಸಬರು ಎಡವುವುದು ತಡೆಹಿಡಿದ ಪೆನಾಲ್ಟಿಯಲ್ಲಿ. ತಪ್ಪು ಮಾಡಿದ ತಂಡದ ಹತ್ತಿರ ಪಕ್ ಇಲ್ಲದಿದ್ದರೆ ಕೂಡಲೇ ಊದಬಾರದು. ಕೈ ಮೇಲೆತ್ತಿ ನಿಲ್ಲಬೇಕು. ಆ ತಂಡದವನು ಪಕ್ ಹಿಡಿತಕ್ಕೆ ತೆಗೆದುಕೊಂಡಾಗ ಮಾತ್ರ ವಿಸಿಲ್. ಅನ್ಯಾಯಕ್ಕೆ ಒಳಗಾದ ತಂಡದ ದಾಳಿಯನ್ನು ನೀವೇ ನಿಲ್ಲಿಸಬಾರದಲ್ವಾ, ಅದಕ್ಕೆ.

ಹಂತ 1: ಗಾಲಿಯ ಮೇಲೆ ಗಟ್ಟಿಯಾಗಿ

ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬೆಂಚಿಗೆ ಹೋಗಿ ಸುಧಾರಿಸಿಕೊಳ್ಳುತ್ತಾರೆ. ರೆಫ್ರಿಗೆ ಬೆಂಚೇ ಇಲ್ಲ. ಪಿರಿಯಡ್ ಮುಗಿಯುವವರೆಗೂ ಐಸ್ ಮೇಲೆಯೇ. ಜೊತೆಗೆ ಅರ್ಧ ಹೊತ್ತು ಹಿಂದಕ್ಕೆ ಓಡಬೇಕು, ಯಾಕೆಂದರೆ ಪಕ್ಕಿಗೆ ಬೆನ್ನು ಹಾಕುವ ಹಾಗಿಲ್ಲ. ಹಾಗಾಗಿ ಸ್ಕೇಟಿಂಗ್ ಸುಮಾರಾಗಿದ್ದರೆ ಸಾಲದು. ಕಾಲಿನ ಬಗ್ಗೆ ಯೋಚನೆಯೇ ಬರಬಾರದು.

ನಿಮಗೆ ಬೇಕಾದ್ದು ಇನ್‌ಲೈನ್ ಸ್ಕೇಟ್ಸ್, ಒಂದೇ ಸಾಲಿನಲ್ಲಿ ಗಾಲಿ ಇರುವುದು. ಎರಡೆರಡು ಗಾಲಿಯ ಕ್ವಾಡ್‌ನಲ್ಲಿ ಕಲಿತವರು ಬದಲಾಯಿಸಿಕೊಳ್ಳಿ, ಬ್ಲೇಡಿಗೆ ಹತ್ತಿರವಾದದ್ದು ಇನ್‌ಲೈನ್. ಭಾರತದಲ್ಲಿ ರೋಲರ್ ಸ್ಕೇಟಿಂಗ್ ಫೆಡರೇಶನ್ ಆಫ್ ಇಂಡಿಯಾದ ಅಡಿಯಲ್ಲಿ ರೋಲರ್ ಹಾಕಿ, ಇನ್‌ಲೈನ್ ಹಾಕಿ ಎರಡೂ ನಡೆಯುತ್ತವೆ. ನಿಮ್ಮ ಕ್ಲಬ್ಬಿನಲ್ಲಿ ಬರೀ ಸ್ಪೀಡ್ ಸ್ಕೇಟಿಂಗ್ ಇದ್ದರೂ ಬೇಸರ ಬೇಡ. ನಾಲ್ಕೈದು ಜನ ಸೇರಿ ಸ್ಟಿಕ್ ಹಿಡಿದರೆ ಕೋಚ್ ಒಂದು ಮೂಲೆಯನ್ನಾದರೂ ಬಿಟ್ಟುಕೊಡುತ್ತಾರೆ.

ಅಭ್ಯಾಸ ಹೀಗಿರಲಿ. ಗೆಳೆಯನೊಬ್ಬ ರಿಂಕಿನ ನಡುವೆ ಚೆಂಡು ಹಿಡಿದು ಅತ್ತಿತ್ತ ಓಡಾಡಲಿ. ನೀವು ಅಂಚಿನಲ್ಲಿ ಸುತ್ತುತ್ತಾ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುಗುತ್ತಾ ಇರಿ. ಕಣ್ಣು ಚೆಂಡಿನಿಂದ ಕದಲಬಾರದು. ಎಡಕ್ಕೂ ಬಲಕ್ಕೂ ತಿರುಗಲು ಬರಬೇಕು. ಹೆಚ್ಚಿನವರಿಗೆ ಒಂದು ಬದಿ ಮಾತ್ರ ಸಲೀಸು. ಇನ್ನೊಂದು ಬದಿಯನ್ನು ಹಠ ಹಿಡಿದು ಕಲಿಯಿರಿ. ತಿರುವಿನಲ್ಲಿ ಒಂದು ಕಾಲಿನ ಮೇಲಿಂದ ಇನ್ನೊಂದನ್ನು ದಾಟಿಸುವ ಕ್ರಾಸ್‌ಓವರ್ ಕೂಡ ಹಾಗೇ.

ನಿಲ್ಲುವುದನ್ನು ಮಾತ್ರ ಗಾಲಿ ಕಲಿಸುವುದಿಲ್ಲ. ಐಸ್ ಮೇಲೆ ಬ್ಲೇಡನ್ನು ಅಡ್ಡ ಹಾಕಿ, ಐಸ್ ಕೆರೆದು ನಿಲ್ಲುತ್ತಾರೆ. ಗಾಲಿಯಲ್ಲಿ ಹಾಗೆ ಮಾಡಲು ಹೋದರೆ ಮೂತಿ ಒಡೆಯುತ್ತದೆ. ಅದನ್ನು ಐಸ್‌ಗೆ ಹೋದ ಮೇಲೆ ಹೊಸದಾಗಿ ಕಲಿಯಬೇಕು.

ಮಳೆಗಾಲದ ವಿಷಯ ಗೊತ್ತೇ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ರಿಂಕ್ ಉಪಯೋಗಕ್ಕಿಲ್ಲ. ಆಗ ಮಾಡಿನ ಅಡಿಯ ಜಾಗ ಹುಡುಕಿ, ಇಲ್ಲದಿದ್ದರೆ ನಿಯಮ ಓದಲು ಕೂತುಕೊಳ್ಳಿ. ಬೇರಿಂಗ್‌ಗೆ ನೀರು ಹೋದರೆ ಅವತ್ತೇ ಬಿಚ್ಚಿ ಒರೆಸಿ. ನಮ್ಮ ಉಪ್ಪು ಗಾಳಿಯಲ್ಲಿ ತುಕ್ಕು ಕಾಯುವುದಿಲ್ಲ ಮಾರಾಯ್ರೆ.

ಹಂತ 2: ಸಿಕ್ಕಿದ ಆಟಕ್ಕೆಲ್ಲ ವಿಸಿಲ್ ಊದಿ

ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ನಮ್ಮ ಊರಿನವರಿಗೆ ಇದೇ ದೊಡ್ಡ ಲಾಭ. ನವೆಂಬರ್‌ನಿಂದ ಮೇ ತನಕ ಇಲ್ಲಿ ಯಾವ ಮೈದಾನ ಖಾಲಿ ಇರುತ್ತದೆ ಹೇಳಿ? ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಅಂಡರ್ ಆರ್ಮ್ ಕ್ರಿಕೆಟ್. ಪ್ರತಿ ಸಂಘಟಕರಿಗೂ ಅಂಪೈರ್‌ಗಳ ಕೊರತೆ. ನಿಮ್ಮ ಶಾಲೆಯ ಪಿ.ಟಿ. ಮಾಸ್ಟ್ರನ್ನು ಕೇಳಿ. ಮಕ್ಕಳ ಪಂದ್ಯಕ್ಕೆ ವಿಸಿಲ್ ಕೊಟ್ಟು ನಿಲ್ಲಿಸುತ್ತಾರೆ.

ಅದರಲ್ಲೂ ಕಬಡ್ಡಿ ಒಳ್ಳೆಯ ಪಾಠಶಾಲೆ. ಕಣ್ಣು ಮಿಟುಕಿಸುವುದರೊಳಗೆ ಬೋನಸ್ ಹೋಯಿತೋ ಇಲ್ಲವೋ ಹೇಳಬೇಕು. ಏಳು ಜನ ಒಟ್ಟಿಗೆ ಕೈ ಎತ್ತಿ ಕಿರುಚುತ್ತಾರೆ. ಗೆರೆಯ ಹತ್ತಿರ ಕೂತ ಅಜ್ಜನೂ ನಿಮಗಿಂತ ಚೆನ್ನಾಗಿ ನೋಡಿರುತ್ತಾರೆ! ಆಗ ಏನು ಮಾಡುತ್ತೀರಿ ಅನ್ನುವುದರ ಮೇಲೆ ನೀವು ರೆಫ್ರಿ ಆಗುತ್ತೀರೋ ಇಲ್ಲವೋ ಗೊತ್ತಾಗುತ್ತದೆ. ಕಲಿಯಬೇಕಾದ್ದು ಮೂರು. ವಿಸಿಲ್ ಗಟ್ಟಿಯಾಗಿ, ಒಂದೇ ಸಲ. ಸನ್ನೆ ನಿಧಾನವಾಗಿ, ದೂರದವರಿಗೂ ಕಾಣುವಂತೆ. ಮಾತು ತಂಡದ ನಾಯಕನ ಜೊತೆ ಮಾತ್ರ, ಅದೂ ಎರಡು ವಾಕ್ಯ.

ನಿಂತ ಜಾಗವೇ ಅರ್ಧ ತೀರ್ಪು. ಕಂಬಳದಲ್ಲಿ ಮಂಜೊಟ್ಟಿಯ ಪಕ್ಕ ನಿಂತವನಿಗೆ ಯಾವ ಜೋಡಿ ಮುಂದೆ ಅಂತ ಕಾಣುತ್ತದೆ, ದೂರದ ಗದ್ದೆ ಅಂಚಿನಲ್ಲಿ ನಿಂತವನಿಗೆ ಬರೀ ವಾದ ಸಿಗುತ್ತದೆ. ಐಸ್ ಹಾಕಿಯಲ್ಲೂ ಪಕ್ ಗೋಲಿನ ಹತ್ತಿರ ಬಂದರೆ ರೆಫ್ರಿ ಗೋಲ್ ಗೆರೆಯ ಬದಿಗೆ ತಲುಪಿರಬೇಕು. ಪಕ್ ಹಲಗೆಯ ಉದ್ದಕ್ಕೆ ನುಗ್ಗಿದರೆ ಅಂಚು ಹಿಡಿದು ಮೇಲಕ್ಕೆ ಹಾರಿ ಕಾಲು ತಪ್ಪಿಸಿಕೊಳ್ಳಬೇಕು. ಟಿ.ವಿ.ಯಲ್ಲಿ ಪಂದ್ಯ ನೋಡುವಾಗ ಪಕ್ ಬಿಟ್ಟು ಪಟ್ಟೆ ಅಂಗಿಯ ರೆಫ್ರಿಗಳನ್ನೇ ನೋಡುತ್ತಾ ಕುಳಿತುಕೊಳ್ಳಿ. ಪುಸ್ತಕಕ್ಕಿಂತ ಜಾಸ್ತಿ ಕಲಿಯುತ್ತೀರಿ.

ಹಂತ 3: ನಿಯಮ ಪುಸ್ತಕ ಮತ್ತು ಕನ್ನಡಿ

ಐಐಎಚ್‌ಎಫ್ ಮತ್ತು ಎನ್‌ಎಚ್‌ಎಲ್ ಎರಡರ ನಿಯಮ ಪುಸ್ತಕಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ಐಐಎಚ್‌ಎಫ್‌ನದು ಓದಿ. ಭಾರತ, ಗಲ್ಫ್, ಯುರೋಪ್ ಎಲ್ಲ ಕಡೆ ಬುನಾದಿ ಅದೇ. ಎರಡನ್ನೂ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಎನ್‌ಎಚ್‌ಎಲ್‌ನಲ್ಲಿ ಕೈಕೈ ಮಿಲಾಯಿಸಿದರೆ 5 ನಿಮಿಷ ಕೂರಿಸಿ ಮತ್ತೆ ಆಡಲು ಬಿಡುತ್ತಾರೆ. ಅಂತಾರಾಷ್ಟ್ರೀಯ ಆಟದಲ್ಲಿ ಹೊಡೆದಾಡಿದವನಿಗೆ ಮನೆಯ ದಾರಿ.

ಸನ್ನೆಗಳನ್ನು ಕನ್ನಡಿಯ ಎದುರು ಅಭ್ಯಾಸ ಮಾಡಿ. ಟ್ರಿಪ್ಪಿಂಗ್ (ಕಾಲಿಗೆ ಅಡ್ಡ ಹಾಕಿ ಬೀಳಿಸುವುದು), ಹುಕ್ಕಿಂಗ್ (ಸ್ಟಿಕ್ಕಿನಿಂದ ಎಳೆಯುವುದು), ಸ್ಲ್ಯಾಶಿಂಗ್ (ಸ್ಟಿಕ್ಕಿನಿಂದ ಹೊಡೆಯುವುದು), ಹೈ ಸ್ಟಿಕ್ಕಿಂಗ್ (ಸ್ಟಿಕ್ ಮೇಲೆತ್ತಿ ತಾಗಿಸುವುದು), ಬೋರ್ಡಿಂಗ್ (ಹಲಗೆಗೆ ಜೋರಾಗಿ ತಳ್ಳುವುದು), ಇಂಟರ್‌ಫಿಯರೆನ್ಸ್ (ಪಕ್ ಇಲ್ಲದವನನ್ನು ತಡೆಯುವುದು), ಈ ಆರು ಕೈಗೆ ಬಂದರೆ ಹೆಚ್ಚಿನ ಪಂದ್ಯ ನಿಭಾಯಿಸಬಹುದು. ಈ ಸನ್ನೆಗಳನ್ನು ಶುರು ಮಾಡಿದ್ದು ಬಿಲ್ ಚಾಡ್ವಿಕ್ ಅನ್ನುತ್ತಾರೆ. ಅವರಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಆಡುತ್ತಿದ್ದ ಕಾಲದಲ್ಲಿ ಪಕ್ ಬಡಿದು ಹೋಗಿತ್ತು. ಹಾಗಿದ್ದೂ ವರ್ಷಗಟ್ಟಲೆ ಎನ್‌ಎಚ್‌ಎಲ್ ರೆಫ್ರಿ ಆಗಿದ್ದರು, 1964ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಸೇರಿದರು. ಪ್ರೇಕ್ಷಕರು "ಕುರುಡ" ಅಂತ ಬೈದಾಗ ಅವರು ಏನು ಅಂದುಕೊಳ್ಳುತ್ತಿದ್ದರೋ!

ಪೆನಾಲ್ಟಿ ಕೊಟ್ಟ ಮೇಲೆ ಟೈಮ್ ಕೀಪರ್ ಕೂತ ಕಿಟಕಿಗೆ ಹೋಗಿ ವರದಿ ಮಾಡಬೇಕು. ಕ್ರಮ ಇಷ್ಟೇ: ಅಂಗಿಯ ಬಣ್ಣ, ನಂಬರ್, ತಪ್ಪು, ಎಷ್ಟು ನಿಮಿಷ. "ಬಿಳಿ, ಹದಿನಾಲ್ಕು, ಟ್ರಿಪ್ಪಿಂಗ್, ಎರಡು." ಇದನ್ನು ಇಂಗ್ಲಿಷಿನಲ್ಲಿ, ಏದುಸಿರು ಬಿಡುತ್ತಾ, ತಡವರಿಸದೆ ಹೇಳಲು ಬರಬೇಕು. ಮನೆಯ ಮೆಟ್ಟಿಲು ಹತ್ತಿ ಇಳಿದು ಹೇಳಿ ನೋಡಿ.

ಹಂತ 4: ಸಾಮಾನು

ಕಪ್ಪು ಹೆಲ್ಮೆಟ್, ಮುಖದ ಅರ್ಧಕ್ಕೆ ವೈಸರ್, ಕಪ್ಪು-ಬಿಳಿ ಪಟ್ಟೆ ಅಂಗಿ, ಕಪ್ಪು ಪ್ಯಾಂಟ್. ಒಳಗೆ ಮೊಣಕಾಲು-ಮುಂಗಾಲಿನ ಗಾರ್ಡ್, ಮೊಣಕೈ ಪ್ಯಾಡ್, ತೊಡೆಸಂದಿಯನ್ನು ಕಾಯುವ ಕಪ್. ವಿಸಿಲ್ ಬೆರಳಿಗೆ ಸಿಕ್ಕಿಸುವ ಜಾತಿಯದ್ದು. ಒಳಗೆ ಗುಂಡು ಇರುವ ವಿಸಿಲ್ ಬೇಡ, ಚಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಗುಂಡಿಲ್ಲದ ಫಾಕ್ಸ್ 40 ಸಾಕು. ಅದನ್ನು ಹೊರತಂದದ್ದು ಕೆನಡಾದ ಬಾಸ್ಕೆಟ್‌ಬಾಲ್ ರೆಫ್ರಿ ರಾನ್ ಫಾಕ್ಸ್‌ಕ್ರಾಫ್ಟ್, 1987ರಲ್ಲಿ. ನಮ್ಮ ಮೈದಾನಗಳಲ್ಲೂ ಅದೇ ಮಾದರಿಯದು ಕಾಣುತ್ತದೆ.

ಐಸ್ ಸ್ಕೇಟ್ಸ್ ಒಂದಕ್ಕೆ ಮಾತ್ರ ದುಡ್ಡಿನ ಮುಖ ನೋಡಬೇಡಿ. ಬೂಟು ಕಾಲಿಗೆ ಬಿಗಿಯಾಗಿ ಕೂರಬೇಕು, ದಿನದ ಚಪ್ಪಲಿ ಸೈಜಿಗಿಂತ ಚಿಕ್ಕದೇ ಬೇಕಾಗಬಹುದು. ಆನ್‌ಲೈನ್‌ನಲ್ಲಿ ಅಂದಾಜಿಗೆ ತರಿಸುವುದಕ್ಕಿಂತ ದುಬೈಯಲ್ಲೋ ಕೆನಡಾದಲ್ಲೋ ಹಾಕಿ ನೋಡಿ ಕೊಳ್ಳುವುದೇ ಸರಿ. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೆ ಒಂದು ಸಣ್ಣ ತೋಡು ಇರುತ್ತದೆ. ಅದು ಆಳವಿದ್ದರೆ ಹಿಡಿತ ಹೆಚ್ಚು, ಕಡಿಮೆ ಇದ್ದರೆ ಜಾರುವುದು ಸುಲಭ. ದಿನವಿಡೀ ಜಾರಬೇಕಾದ ರೆಫ್ರಿಗೆ ಆಳ ಕಡಿಮೆಯೇ ಒಳ್ಳೆಯದು. ಊರಿಗೆ ತಂದ ಮೇಲೆ ಬ್ಲೇಡನ್ನು ಪ್ಲಾಸ್ಟಿಕ್ ಗಾರ್ಡ್‌ನಲ್ಲಿ ಮುಚ್ಚಿಡಬೇಡಿ, ತೇವ ನಿಂತು ಕೆಡುತ್ತದೆ. ಒರೆಸಿ, ಬಟ್ಟೆಯ ಕವರ್ ಹಾಕಿ.

ಹಂತ 5: ಐಸ್ ಎಲ್ಲಿ ಸಿಗುತ್ತದೆ

ದಾರಿ ಮೂರು. ಮೊದಲನೆಯದು ಉತ್ತರ ಭಾರತದ ಒಳಾಂಗಣ ರಿಂಕ್. ಗುರುಗ್ರಾಮದ ಆಂಬಿಯನ್ಸ್ ಮಾಲ್‌ನಲ್ಲಿ ಐಸ್ಕೇಟ್ ಅನ್ನುವ ರಿಂಕ್ ಇದೆ. ಅದು ಚಿಕ್ಕದು, ನಿಲ್ಲಲು ಕಲಿಯಲು ಸಾಕು. ಡೆಹ್ರಾಡೂನ್‌ನ ಹಿಮಾದ್ರಿ ರಿಂಕ್ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆ ಕಟ್ಟಿದ್ದು. ವರ್ಷಗಟ್ಟಲೆ ಮುಚ್ಚಿದ್ದು 2025ರಲ್ಲಿ ಮತ್ತೆ ತೆರೆಯಿತು. ಹೊರಡುವ ಮೊದಲು ಎರಡೂ ಕಡೆ ಫೋನ್ ಮಾಡಿ ವೇಳೆ ಕೇಳಿಕೊಳ್ಳಿ.

ಎರಡನೆಯದು ಗಲ್ಫ್. ನಮ್ಮವರಿಗೆ ಇದೇ ಹತ್ತಿರ ಅಂತ ನನಗನ್ನಿಸುತ್ತದೆ. ದುಬೈ ಮಾಲ್‌ನಲ್ಲಿ ಒಲಿಂಪಿಕ್ ಅಳತೆಯ ರಿಂಕ್ ಇದೆ, ಅಬುಧಾಬಿಯ ಝಾಯೆದ್ ಸ್ಪೋರ್ಟ್ಸ್ ಸಿಟಿಯಲ್ಲಿ ಇನ್ನೊಂದು. ಅಲ್ಲಿ ಎಮಿರೇಟ್ಸ್ ಐಸ್ ಹಾಕಿ ಲೀಗ್ ನಡೆಯುತ್ತದೆ, ಮಕ್ಕಳ ತಂಡಗಳೂ ಇವೆ. ಬಜ್ಪೆಯಿಂದ ನೇರ ವಿಮಾನ, ಉಳಿಯಲು ಮಾವನ ಮನೆ. ರಜೆಯಲ್ಲಿ ಹೋದಾಗ ಮಾಲ್ ಸುತ್ತುವ ಬದಲು ದಿನಾ ಬೆಳಿಗ್ಗೆ ರಿಂಕಿಗೆ ಹೋಗಿ. ವಿಸಿಟ್ ವೀಸಾದಲ್ಲಿ ಕಲಿಯಬಹುದು, ದುಡ್ಡು ತೆಗೆದುಕೊಂಡು ರೆಫ್ರಿ ಕೆಲಸ ಮಾಡುವಂತಿಲ್ಲ.

ಮೂರನೆಯದು ಲಡಾಖ್. ಭಾರತದ ಐಸ್ ಹಾಕಿ ಅಂದರೆ ಅದೇ. ಲೇಹ್‌ನಲ್ಲಿ ಡಿಸೆಂಬರ್ ಕೊನೆಯಿಂದ ಫೆಬ್ರವರಿ ಶುರುವಿನವರೆಗೆ ಕೊಳಗಳು ತಾವಾಗಿಯೇ ಹೆಪ್ಪುಗಟ್ಟುತ್ತವೆ. ಸೇನೆ, ಐಟಿಬಿಪಿ, ಹಳ್ಳಿಗಳ ತಂಡಗಳು ಆಡುತ್ತವೆ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ ಕೂಡ ಅಲ್ಲಿ ನಡೆದಿದೆ. ಆದರೆ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಸಮುದ್ರದ ಮಟ್ಟದಲ್ಲಿ ಹುಟ್ಟಿ ಬೆಳೆದ ನಾವು ಇಳಿದ ದಿನವೇ ಸ್ಕೇಟ್ ಕಟ್ಟಿದರೆ ಆಸ್ಪತ್ರೆಗೆ ಹೋಗಬೇಕಾದೀತು. ಕನಿಷ್ಠ ಎರಡು ದಿನ ಸುಮ್ನೆ ಮಲಗಿ, ನೀರು ಕುಡಿಯಿರಿ. ಉಬ್ಬಸ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಟಿಕೆಟ್ ಮಾಡಬೇಡಿ.

ಹಂತ 6: ಲೈಸೆನ್ಸ್ ಮತ್ತು ವೀಸಾ

ಭಾರತದಲ್ಲಿ ಆಟವನ್ನು ನೋಡಿಕೊಳ್ಳುವುದು ಐಸ್ ಹಾಕಿ ಅಸೋಸಿಯೇಶನ್ ಆಫ್ ಇಂಡಿಯಾ. 1989ರಿಂದ ಅದು ಐಐಎಚ್‌ಎಫ್ ಸದಸ್ಯ. ಅಂತಾರಾಷ್ಟ್ರೀಯ ಪಂದ್ಯಗಳಿಗೆ ಹೋಗಬೇಕಾದರೆ ದೇಶದ ಸಂಸ್ಥೆಯೇ ನಿಮ್ಮ ಹೆಸರು ಕಳಿಸಬೇಕು, ನೇರ ಅರ್ಜಿ ನಡೆಯುವುದಿಲ್ಲ. ಆದ್ದರಿಂದ ಲೇಹ್‌ಗೆ ಹೋಗುವ ಮೊದಲೇ ಅವರಿಗೆ ಬರೆದು, ರೆಫ್ರಿ ತರಬೇತಿ ಯಾವಾಗ ಅಂತ ಕೇಳಿ. ಮೊದಲ ವರ್ಷ ಸ್ಕೋರ್ ಬರೆಯಲು, ಗಡಿಯಾರ ನೋಡಲು ಕೂರಿಸಿದರೂ ಒಪ್ಪಿಕೊಳ್ಳಿ. ಐಸ್ ಪಕ್ಕ ಕೂರುವ ಅವಕಾಶ ಅದು.

ಹುಡುಗಿಯರಿಗೆ ಈಗ ಒಳ್ಳೆಯ ಕಾಲ. ಭಾರತದ ಮಹಿಳಾ ತಂಡ ಮೊದಲ ಸಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 2016ರಲ್ಲಿ. 2025ರಲ್ಲಿ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು ತಂದಿತು. ಆಟ ಬೆಳೆದಂತೆ ವಿಸಿಲ್ ಹಿಡಿಯುವವರೂ ಬೇಕಾಗುತ್ತಾರೆ, ಪೈಪೋಟಿ ಇನ್ನೂ ಕಡಿಮೆ.

ದುಡ್ಡು ಬರುವುದು ಮಾತ್ರ ಕೆನಡಾ, ಅಮೆರಿಕ, ಯುರೋಪ್‌ನಲ್ಲಿ. ಕೆನಡಾದಲ್ಲಿ ರೆಫ್ರಿಗಳಿಗೆ ಯಾವಾಗಲೂ ಬರ. ಪ್ರಾಂತ್ಯದ ಹಾಕಿ ಸಂಸ್ಥೆಯಲ್ಲಿ ಹೆಸರು ಕೊಟ್ಟು, ಆನ್‌ಲೈನ್ ಪಾಠ ಮತ್ತು ಕ್ಲಿನಿಕ್ (ರೆಫ್ರಿ ತರಬೇತಿ ಶಿಬಿರ) ಮುಗಿಸಿ, ಪರೀಕ್ಷೆ ಬರೆದರೆ ಮಕ್ಕಳ ಪಂದ್ಯ ಕೊಡುತ್ತಾರೆ. ವಯಸ್ಕರಿಗೆ ಪೊಲೀಸ್ ದಾಖಲೆಯನ್ನೂ ಕೇಳುವುದುಂಟು. ಪಂದ್ಯಕ್ಕೆ ಇಷ್ಟು ಅಂತ ಫೀಸು. ಓದಲು ಹೋದವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್‌ನ ಹೊರಗೆ ವಾರಕ್ಕೆ 24 ಗಂಟೆ ದುಡಿಯಬಹುದು, 2024ರ ನವೆಂಬರ್‌ನಿಂದ ಈ ಮಿತಿ ಇದೆ. ರೆಫ್ರಿ ಕೆಲಸದ ಗಂಟೆಗಳನ್ನೂ ಅದರೊಳಗೇ ಲೆಕ್ಕ ಹಾಕಿ.

ಅಮೆರಿಕದಲ್ಲಿ ಯುಎಸ್‌ಎ ಹಾಕಿ ಸಂಸ್ಥೆ 1ರಿಂದ 4ರವರೆಗೆ ದರ್ಜೆ ಕೊಡುತ್ತದೆ, ಪ್ರತಿ ವರ್ಷ ಹೊಸದಾಗಿ ನೋಂದಣಿ. ಆದರೆ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಅನುಮತಿ ಇಲ್ಲದೆ ಹೊರಗೆ ದುಡಿದರೆ ವೀಸಾಕ್ಕೇ ಕುತ್ತು. "ನಗದು ಕೊಡುತ್ತೇವೆ, ಬಾ" ಅಂತ ಯಾರೇ ಕರೆದರೂ ಹೋಗಬೇಡಿ.

ಹಂತ 7: ಮೇಲಿನ ಮೆಟ್ಟಿಲು

ಉತ್ತರ ಅಮೆರಿಕದಲ್ಲಿ ಮಕ್ಕಳ ಪಂದ್ಯದಿಂದ ಜೂನಿಯರ್ ಲೀಗ್, ಅಲ್ಲಿಂದ ಕೆಳ ದರ್ಜೆಯ ವೃತ್ತಿಪರ ಲೀಗ್ ಇಸಿಎಚ್‌ಎಲ್, ಆಮೇಲೆ ಅದಕ್ಕಿಂತ ಮೇಲಿನ ಎಎಚ್‌ಎಲ್, ಕೊನೆಗೆ ಎನ್‌ಎಚ್‌ಎಲ್. ಕೊನೆಯದರಲ್ಲಿ ಸಂಬಳ, ಸಂಘಟನೆ ಎಲ್ಲ ಇದೆ. ಅಲ್ಲಿನ ರೆಫ್ರಿ ಮತ್ತು ಲೈನ್ಸ್‌ಮನ್‌ಗಳ ಸಂಘ ಹುಟ್ಟಿದ್ದು 1969ರಲ್ಲಿ. ಬಫಲೋ ನಗರದಲ್ಲಿ ಬೇಸಿಗೆಯಲ್ಲಿ ಎನ್‌ಎಚ್‌ಎಲ್ ಒಂದು ಆಯ್ಕೆ ಶಿಬಿರ ನಡೆಸುತ್ತದೆ. ಕಾಲೇಜು ಮತ್ತು ವೃತ್ತಿ ಮಟ್ಟದಲ್ಲಿ ಆಡಿದವರನ್ನು ರೆಫ್ರಿ ಕೆಲಸಕ್ಕೆ ಎಳೆಯುವುದೇ ಅದರ ಉದ್ದೇಶ. ವೆಸ್ ಮೆಕಾಲಿ ಅನ್ನುವ ಹೆಸರಾಂತ ರೆಫ್ರಿಯನ್ನು 1990ರಲ್ಲಿ ಡೆಟ್ರಾಯಿಟ್ ತಂಡ ಆಟಗಾರನಾಗಿಯೇ ಆರಿಸಿತ್ತು. ಅಂಥವರ ನಡುವೆ ಮಂಗಳೂರಿನ ಹುಡುಗ ಅಲ್ಲಿಗೆ ಮುಟ್ಟುವುದು ತೀರಾ ಕಷ್ಟ. ಅದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ನನಗೆ ಇಷ್ಟವಿಲ್ಲ. ಭಾರತದ ರಾಷ್ಟ್ರೀಯ ಪಂದ್ಯಗಳು, ಏಷ್ಯಾ ಮಟ್ಟದ ಕೂಟಗಳು, ಕೆನಡಾದ ಸ್ಥಳೀಯ ಲೀಗ್, ಇವು ಕೈಗೆಟುಕುವ ಗುರಿಗಳು.

ಮೇಲಕ್ಕೆ ಹೋದಷ್ಟೂ ನಾಲಿಗೆಯ ಮೇಲೆ ಹಿಡಿತ ಬೇಕು. 2021ರ ಮಾರ್ಚ್‌ನಲ್ಲಿ ಟಿಮ್ ಪೀಲ್ ಅನ್ನುವ ಹಿರಿಯ ರೆಫ್ರಿ, ಆಟದ ಆರಂಭದಲ್ಲೇ ಒಂದು ತಂಡಕ್ಕೆ ಪೆನಾಲ್ಟಿ ಕೊಡಬೇಕು ಅಂತಿದ್ದೆ ಎಂಬರ್ಥದ ಮಾತಾಡಿದ್ದು ಮೈಕಿನಲ್ಲಿ ಕೇಳಿಬಿಟ್ಟಿತು. ಮರುದಿನವೇ ಎನ್‌ಎಚ್‌ಎಲ್ ಅವರಿಗೆ ಇನ್ನು ಪಂದ್ಯ ಇಲ್ಲ ಅಂದಿತು. ನಿವೃತ್ತಿಗೆ ಕೆಲವೇ ವಾರ ಉಳಿದಿತ್ತು. ಇನ್ನೊಂದು ಕಡೆ ಲೈನ್ಸ್‌ಮನ್ ರೇ ಸ್ಕಾಪಿನೆಲ್ಲೊ. 2,500 ಲೀಗ್ ಪಂದ್ಯ, ಒಪ್ಪಿಸಿದ ಒಂದನ್ನೂ ತಪ್ಪಿಸಲಿಲ್ಲ.

ಬೈಗುಳ

ತಂದೆತಾಯಿಗಳು ಗಾಜು ಬಡಿದು ಕೂಗುತ್ತಾರೆ. ಕೆನಡಾದಲ್ಲಿ ಹೊಸ ರೆಫ್ರಿಗಳು ಕೆಲಸ ಬಿಡಲು ಇದೊಂದು ದೊಡ್ಡ ಕಾರಣ. ಅಲ್ಲಿನ ಹಲವು ಪ್ರಾಂತ್ಯಗಳಲ್ಲಿ 18 ತುಂಬದ ರೆಫ್ರಿಗಳು ತೋಳಿಗೆ ಹಸಿರು ಪಟ್ಟಿ ಕಟ್ಟುತ್ತಾರೆ, ಇವನೂ ಮಗುವೇ ಅಂತ ಜನರಿಗೆ ನೆನಪಾಗಲಿ ಅಂತ. ತೀರ್ಪನ್ನು ಪ್ರಶ್ನಿಸಿದರೆ ಕೋಚ್‌ಗೆ ಉತ್ತರ ಕೊಡಿ. ನಿಮ್ಮನ್ನೇ ಬೈದರೆ ಪೆನಾಲ್ಟಿ ಕೊಡಿ. ಬಣ್ಣ, ಊರು, ಭಾಷೆ ಹಿಡಿದು ಆಡಿಕೊಂಡರೆ ಸಹಿಸಬೇಡಿ, ಆಟ ನಿಲ್ಲಿಸಿ. ಅವತ್ತೇ ವರದಿಯಲ್ಲಿ ಕೇಳಿದ ಮಾತನ್ನು ಇದ್ದ ಹಾಗೆ ಬರೆಯಿರಿ. ನಿಮಗೆ ಏನನ್ನಿಸಿತು ಅಂತ ಬರೆಯಬೇಡಿ, ಯಾರು ಏನಂದರು, ಗಡಿಯಾರ ಎಷ್ಟು ತೋರಿಸುತ್ತಿತ್ತು, ಅಷ್ಟೇ.

ಈ ವರ್ಷವೇ ಶುರು ಮಾಡುವುದಾದರೆ

ಮಳೆಗಾಲದಲ್ಲಿ ನಿಯಮ ಪುಸ್ತಕ ಮತ್ತು ಕಾಲಿನ ವ್ಯಾಯಾಮ. ಅಕ್ಟೋಬರ್‌ನಿಂದ ವಾರಕ್ಕೆ ನಾಲ್ಕು ದಿನ ಗಾಲಿ. ನವೆಂಬರ್‌ನಿಂದ ಭಾನುವಾರ ಕಬಡ್ಡಿಗೋ ವಾಲಿಬಾಲ್‌ಗೋ ವಿಸಿಲ್. ಹಿಂದಕ್ಕೆ ಓಡಲು, ಎರಡೂ ಬದಿಗೆ ತಿರುಗಲು ಬಂದರೆ ಮಾತ್ರ ಡಿಸೆಂಬರ್ ರಜೆಗೆ ಗಲ್ಫಿನ ಅಥವಾ ಲೇಹ್‌ನ ಟಿಕೆಟ್. ಬಾರದಿದ್ದರೆ ಆ ದುಡ್ಡು ಮುಂದಿನ ವರ್ಷಕ್ಕೆ ಇರಲಿ. ಕೆನಡಾಕ್ಕೆ ಹೊರಟವರು ಬೇಸಿಗೆಯಲ್ಲೇ ಅಲ್ಲಿನ ಪ್ರಾಂತ್ಯದ ಸಂಸ್ಥೆಗೆ ಬರೆದಿಡಿ. ಸೀಸನ್ ಶುರುವಾಗುವುದು ಶರತ್ಕಾಲದಲ್ಲಿ, ಹೊಸಬರ ಕ್ಲಿನಿಕ್‌ಗಳೂ ಹೆಚ್ಚಾಗಿ ಆಗಲೇ. ತಡವಾಗಿ ಹೋದರೆ ಮುಂದಿನ ವರ್ಷದವರೆಗೆ ಕಾಯಬೇಕಾಗುತ್ತದೆ.